ಮರ ಬಿದ್ದದ್ದು ವ್ಯಾನಿನ ಮೇಲೆ, ಕರಾರಿನ ಮೇಲಲ್ಲ

ಜಗಳೂರಿನ ಒಬ್ಬ ತರುಣ ಎಂದು ಇಟ್ಟುಕೊಳ್ಳೋಣ. ಹೆಸರು ಬೇಡ, ಇವನು ಈ ಅಧ್ಯಾಯಕ್ಕೆಂದೇ ಹುಟ್ಟಿಸಿಕೊಂಡವನು. ದೊಡ್ಡ ಊರಿನ ಒಂದು ಚಹಾ ಕಂಪನಿಯಿಂದ ಫ್ರಾಂಚೈಸಿ ತೆಗೆದುಕೊಂಡಿದ್ದಾನೆ. ಬ್ಯಾಂಕ್ ಸಾಲದಲ್ಲಿ ಒಂದು ಸಣ್ಣ ಗೂಡ್ಸ್ ವ್ಯಾನು ಕೊಂಡು, ಒಲೆ, ಕೌಂಟರು, ಪುಟ್ಟ ಫ್ರಿಜ್ಜು ಕೂಡಿಸಿ, ಕಂಪನಿ ಹೇಳಿದ ಬಣ್ಣ ಬಳಿಸಿದ್ದಾನೆ. ಬೆಳಿಗ್ಗೆ ಬಸ್ ಸ್ಟ್ಯಾಂಡ್, ಸಂಜೆ ಕಾಲೇಜಿನ ಗೇಟು; ಕೊಡದಗುಡ್ಡದ ಜಾತ್ರೆಗೆ ಎರಡು ದಿನ, ಕೊಟ್ಟೂರು ತೇರಿಗೆ ನಾಲ್ಕು ದಿನ. ಚಕ್ರದ ಮೇಲಿನ ವ್ಯಾಪಾರದ ಸುಖವೇ ಅದು, ಜನ ಇದ್ದಲ್ಲಿಗೆ ಅಂಗಡಿಯೇ ಹೋಗುತ್ತದೆ.

ಒಂದು ಬೇಸಿಗೆಯ ಸಂಜೆ, ಮುಂಗಾರಿಗೆ ಮೊದಲು ಬರುವ ಆ ಹಾಳು ಗಾಳಿಗೆ ರಸ್ತೆ ಬದಿಯ ಹುಣಸೆಮರ ವ್ಯಾನಿನ ಮೇಲೆ ಒರಗಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಮೇಲ್ಛಾವಣಿ ಕುಸಿದು ಒಲೆಯ ಮೇಲೆ ಕೂತಿತು. ಬಂದವರೆಲ್ಲ ‘ಜೀವ ಉಳೀತಲ್ಲ ಬಿಡಪ್ಪ’ ಅಂದರು. ಮುಂದಿನ ತಿಂಗಳ ಐದನೇ ತಾರೀಖು ಮೊಬೈಲಿಗೆ ಎರಡು ಸಂದೇಶ ಬಂದವು. ಒಂದು ಬ್ಯಾಂಕಿನದು, ಕಂತು ಬಾಕಿ ಇದೆ ಎಂದು. ಇನ್ನೊಂದು ಕಂಪನಿಯದು, ರಾಯಲ್ಟಿ ಬಾಕಿ ಇದೆ ಎಂದು.

ವ್ಯಾನೇ ಇಲ್ಲದಾಗ ರಾಯಲ್ಟಿ ಎಲ್ಲಿಯದು ಎಂಬುದು ಅವನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆದರೆ ಕಾನೂನು ಅದನ್ನು ಬೇರೆ ರೀತಿಯಲ್ಲಿ ಕೇಳುತ್ತದೆ: ನೀನು ಸಹಿ ಮಾಡಿದ ಕರಾರಿನೊಳಗೆ ಆ ವ್ಯಾನು ಏನಾಗಿತ್ತು?

ಅಮೆರಿಕದಲ್ಲಿ ಫ್ರಾಂಚೈಸಿ ಕೊಡುವವರು ಹಣ ಪಡೆಯುವ ಮೊದಲೇ ತಮ್ಮ ವ್ಯವಹಾರದ ಒಳಗುಟ್ಟುಗಳನ್ನು ಬರೆದು ಕೊಡಬೇಕು. 1979ರಿಂದ ಅಲ್ಲಿ ಅಂಥ ನಿಯಮವಿದೆ. ನಮ್ಮಲ್ಲಿ ಫ್ರಾಂಚೈಸಿಗೆಂದೇ ಒಂದು ಕಾಯಿದೆ ಇಲ್ಲ. ಜಗಳೂರಿನ ಚಹಾ ವ್ಯಾನಿಗೂ ಬೆಂಗಳೂರಿನ ದೊಡ್ಡ ಹೋಟೆಲಿಗೂ ಅನ್ವಯಿಸುವುದು 1872ರ ಭಾರತೀಯ ಕರಾರು ಕಾಯಿದೆಯೇ. ಅಂದರೆ ಕಾಗದದಲ್ಲಿ ಬರೆದದ್ದೇ ಬಹುಮಟ್ಟಿಗೆ ಕಾನೂನು. ಆ ಕಾಗದ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ನಲವತ್ತು ಪುಟ ಇರುತ್ತದೆ. ಸಹಿ ಮಾಡುವವನು ಓದುವುದು ಎರಡೇ ಸಾಲು, ಎಷ್ಟು ಕಟ್ಟಬೇಕು ಮತ್ತು ಎಲ್ಲಿ ಸಹಿ ಹಾಕಬೇಕು.

ಹಳೆಯ ಒಂದು ಪ್ರಸಂಗದಿಂದ ಶುರುಮಾಡಿದರೆ ವಿಷಯ ಸಲೀಸಾಗುತ್ತದೆ. ದಾವಣಗೆರೆ ಸೀಮೆಯವರಿಗೆ ನಾಟಕ ಕಂಪನಿಗಳ ಕ್ಯಾಂಪು ಹೊಸದಲ್ಲ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ಊರೂರಿಗೆ ಥಿಯೇಟರು ಹೊತ್ತು ತಿರುಗುವ ಆ ಕಂಪನಿಗಳೂ ಸಂಚಾರಿ ವ್ಯಾಪಾರವೇ. ಕ್ಯಾಂಪಿಗೆ ಜಾಗ ಗೊತ್ತುಮಾಡಿ, ಮುಂಗಡ ಕೊಟ್ಟು, ಆಟದ ಹಿಂದಿನ ವಾರ ಆ ಜಾಗವೇ ಇಲ್ಲವಾದರೆ? 1861ರಲ್ಲಿ ಲಂಡನ್ನಿನಲ್ಲಿ ಹೀಗೇ ಆಯಿತು. ಟೇಲರ್ ಎಂಬವರು ಸರ್ರೆ ಮ್ಯೂಸಿಕ್ ಹಾಲ್ ಎಂಬ ಸಭಾಂಗಣವನ್ನು ನಾಲ್ಕು ದಿನದ ಕಛೇರಿಗಳಿಗೆ ದಿನಕ್ಕೆ 100 ಪೌಂಡಿನಂತೆ ಗೊತ್ತುಮಾಡಿದ್ದರು. ಮೊದಲ ಕಛೇರಿ ಜೂನ್ 17ಕ್ಕೆ. ಜೂನ್ 11ರಂದು ಸಭಾಂಗಣ ಸುಟ್ಟುಹೋಯಿತು. ಯಾರ ತಪ್ಪೂ ಅಲ್ಲ. ಪ್ರಚಾರಕ್ಕೆ ಖರ್ಚುಮಾಡಿದ್ದ ಟೇಲರ್ ನಷ್ಟ ಕೊಡಿ ಎಂದು ದಾವೆ ಹೂಡಿದರು. 1863ರಲ್ಲಿ ನ್ಯಾಯಮೂರ್ತಿ ಬ್ಲ್ಯಾಕ್‌ಬರ್ನ್, ಇಬ್ಬರೂ ಆ ಸಭಾಂಗಣ ಇದ್ದೇ ಇರುತ್ತದೆಂಬ ನಂಬಿಕೆಯ ಮೇಲೆ ಕೈಜೋಡಿಸಿದ್ದರು, ಅದೇ ಇಲ್ಲವಾದ ಮೇಲೆ ಇಬ್ಬರೂ ಬಿಡುಗಡೆ ಎಂದರು.

ನಮ್ಮ ಕರಾರು ಕಾಯಿದೆಯ 56ನೇ ಕಲಂ ಈ ವಿಚಾರವನ್ನೇ ಹೇಳುತ್ತದೆ. ಕರಾರು ಮಾಡಿಕೊಂಡ ಮೇಲೆ, ಯಾರ ಕೈಯಲ್ಲೂ ಇಲ್ಲದ ಕಾರಣಕ್ಕೆ ಆ ಕೆಲಸ ಅಸಾಧ್ಯವಾದರೆ ಕರಾರು ಶೂನ್ಯ.

ಇದನ್ನು ಓದಿದ ಕೂಡಲೇ ನಮ್ಮ ತರುಣ ನಿಟ್ಟುಸಿರು ಬಿಡುತ್ತಾನೆ. ಬಿಡಬಾರದು. ಲಂಡನ್ನಿನ ಮೊಕದ್ದಮೆಯಲ್ಲಿ ಸಭಾಂಗಣವೇ ಕರಾರಿನ ವಸ್ತು, ಅದರ ಬದಲಿಗೆ ಇನ್ನೊಂದು ಇಲ್ಲ. ಇವನ ಕರಾರಿನಲ್ಲಿ ಏನು ಬರೆದಿದೆ? ‘ಜಗಳೂರು ತಾಲ್ಲೂಕಿನಲ್ಲಿ ನಮ್ಮ ಹೆಸರಿನಲ್ಲಿ ಚಹಾ ಮಾರುವ ಹಕ್ಕು’ ಎಂದು ಬರೆದಿದ್ದರೆ ಕರಾರಿನ ವಸ್ತು ಆ ಹೆಸರು ಮತ್ತು ಆ ತಾಲ್ಲೂಕು. ಅವೆರಡಕ್ಕೂ ಏನೂ ಆಗಿಲ್ಲ. ವ್ಯಾನು ಬರೀ ಉಪಕರಣ, ರೈತನ ನೇಗಿಲಿದ್ದಂತೆ. ನೇಗಿಲು ಮುರಿದರೆ ಗುತ್ತಿಗೆ ಮುರಿಯುವುದಿಲ್ಲ. ಅದೇ ಕರಾರಿನಲ್ಲಿ ವ್ಯಾನಿನ ರಿಜಿಸ್ಟ್ರೇಷನ್ ನಂಬರು ಹಾಕಿ, ಇದೇ ಗಾಡಿಯಲ್ಲಿ ಮಾತ್ರ ಮಾರಬೇಕು, ಬೇರೆ ಗಾಡಿ ಸಲ್ಲದು ಎಂದಿದ್ದರೆ ಕಥೆ ಬೇರೆ. ಆಗ ವ್ಯಾನು ಸಭಾಂಗಣಕ್ಕೆ ಹತ್ತಿರವಾಗುತ್ತದೆ, ವಾದಕ್ಕೆ ಕಾಲು ಸಿಗುತ್ತದೆ. ಸಹಿ ಹಾಕುವಾಗ ಕಿರಿಕಿರಿ ಎನಿಸುವ ಆ ಒಂದು ನಂಬರು ಮರ ಬಿದ್ದ ದಿನ ಆಸರೆಯಾಗಬಹುದು.

‘ಅಸಾಧ್ಯ’ ಎಂದರೇನು ಎಂಬುದನ್ನು ಸುಪ್ರೀಂ ಕೋರ್ಟು 1954ರಲ್ಲಿ, ಸತ್ಯವ್ರತ ಘೋಷ್ ಮತ್ತು ಮಗ್ನೀರಾಮ್ ಬಾಂಗುರ್ ಕಂಪನಿಯ ನಡುವಿನ ಮೊಕದ್ದಮೆಯಲ್ಲಿ ಬಿಡಿಸಿ ಹೇಳಿತು. ಕಲ್ಕತ್ತೆಯಲ್ಲಿ ಲೇಔಟು ಮಾಡಿ ಸೈಟು ಕೊಡುತ್ತೇವೆಂದು ಕಂಪನಿ ಮುಂಗಡ ಪಡೆದಿತ್ತು. ಎರಡನೇ ಮಹಾಯುದ್ಧ ಬಂದು 1941ರಲ್ಲಿ ಸರ್ಕಾರ ಆ ಜಮೀನನ್ನು ತಾತ್ಕಾಲಿಕವಾಗಿ ವಶಕ್ಕೆ ತೆಗೆದುಕೊಂಡಿತು. ಕಂಪನಿ, ಕರಾರು ಮುಗಿಯಿತು ಎಂದು ಕೈತೊಳೆದುಕೊಳ್ಳಲು ನೋಡಿತು. ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯವರ ಪೀಠ ಎರಡು ಮಾತು ಹೇಳಿತು. ಅಸಾಧ್ಯ ಎಂದರೆ ಅಕ್ಷರಶಃ ಆಗದು ಎಂದೇ ಅರ್ಥವಲ್ಲ, ಕರಾರಿನ ಉದ್ದೇಶಕ್ಕೇ ಬುಡದಿಂದ ಪೆಟ್ಟು ಬಿದ್ದಿದ್ದರೂ ಸಾಕು. ಆದರೆ ಯುದ್ಧಕಾಲದಲ್ಲಿ, ಇಷ್ಟು ದಿನದೊಳಗೆ ಎಂಬ ಗಡುವೂ ಇಲ್ಲದ ಕೆಲಸ ತಡವಾದರೆ ಬುಡ ಅಲುಗಿತೆಂದು ಹೇಳಲಾಗದು. ಕರಾರು ಉಳಿಯಿತು. ಮೂರು ತಿಂಗಳು ಗ್ಯಾರೇಜಿನಲ್ಲಿ ನಿಂತ ವ್ಯಾನು ಐದು ವರ್ಷದ ಫ್ರಾಂಚೈಸಿಯ ಬುಡ ಕೀಳುತ್ತದೆಯೇ? ಕಷ್ಟ. ಎಂಟು ತಿಂಗಳ ಕರಾರಿದ್ದು, ಆರು ತಿಂಗಳು ವ್ಯಾನಿಲ್ಲದಿದ್ದರೆ? ಆಗ ಮಾತಾಡಬಹುದು.

ಇನ್ನು ಫೋರ್ಸ್ ಮೆಜೂರ್. ಫ್ರೆಂಚ್ ಮಾತು, ನಮ್ಮ ಕರಾರುಗಳಲ್ಲಿ ಇಪ್ಪತ್ತನೆಯದೋ ಮೂವತ್ತನೆಯದೋ ಷರತ್ತಾಗಿ ಕೂತಿರುತ್ತದೆ. ‘ದೈವಾಧೀನ ಘಟನೆ’ ಎಂದು ಓದಿಕೊಂಡರೆ ತಪ್ಪಿಲ್ಲ, ಯುದ್ಧವೂ ಸರ್ಕಾರಿ ಆಜ್ಞೆಯೂ ಅದರಲ್ಲಿ ಸೇರಿರುತ್ತವೆ ಅನ್ನುವುದು ನೆನಪಿದ್ದರೆ. 2017ರ ಎನರ್ಜಿ ವಾಚ್‌ಡಾಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು: ಇಂಥ ಷರತ್ತು ಕರಾರಿನಲ್ಲೇ ಇದ್ದರೆ ಆ ಘಟನೆಗೆ 56ನೇ ಕಲಂ ತನಕ ಹೋಗುವಂತಿಲ್ಲ, ಷರತ್ತಿನ ಮಾತೇ ಅಂತಿಮ. ಅದು ಅದೇ ಕಾಯಿದೆಯ 32ನೇ ಕಲಮಿನ, ಅಂದರೆ ಮುಂದೆ ನಡೆಯಬಹುದಾದ ಘಟನೆಗೆ ಗಂಟುಹಾಕಿದ ಕರಾರುಗಳ ವ್ಯಾಪ್ತಿ. ಹೀಗಾಗಿ ಷರತ್ತನ್ನು ಪದಪದವಾಗಿ ಓದಬೇಕು. ಬಿರುಗಾಳಿ, ನೆರೆ, ಬೆಂಕಿ ಇವುಗಳ ಹೆಸರಿದೆಯೇ? ಎಷ್ಟು ದಿನದೊಳಗೆ ಲಿಖಿತ ನೋಟಿಸು ಕೊಡಬೇಕು? ಇಷ್ಟು ದಿನ ಅಂಗಡಿ ಮುಚ್ಚಿದ್ದರೆ ಕಂಪನಿ ಕರಾರು ರದ್ದುಮಾಡಬಹುದು ಎಂಬ ಬಾಲ ಇದೆಯೇ? ಇವೆಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಅರ್ಧ ಸಾಲಿನಲ್ಲಿ ಅಡಗಿರುತ್ತದೆ: ‘ಹಣ ಪಾವತಿಯ ಹೊಣೆಯನ್ನು ಹೊರತುಪಡಿಸಿ’. ಮಾರುವ ಹೊಣೆಯಿಂದ ಬಿಡುಗಡೆ ಕೊಟ್ಟು ಕಟ್ಟುವ ಹೊಣೆಯನ್ನು ಹಾಗೇ ಉಳಿಸಿಕೊಳ್ಳುವ ಈ ಅರ್ಧ ಸಾಲು ಬರೆದ ವಕೀಲರ ಜಾಣತನಕ್ಕೆ ತಲೆದೂಗಬೇಕೋ ಶಾಪ ಹಾಕಬೇಕೋ ತಿಳಿಯದು.

ಷರತ್ತು ಸರಿಯಾಗಿದ್ದರೆ ಚಿಕ್ಕವರೂ ಗೆಲ್ಲುತ್ತಾರೆ. ಜಗಳೂರಿಗೆ ಕರೆಂಟ್ ಬಿಲ್ ಕೊಡುವ ಬೆಸ್ಕಾಂ ಇದೆಯಲ್ಲ, ಅದರ ಎದುರು ಹಿರೇಹಳ್ಳಿ ಸೋಲಾರ್ ಪವರ್ ಪ್ರಾಜೆಕ್ಟ್ ಎಂಬ ಸಂಸ್ಥೆಯ ಮೊಕದ್ದಮೆ 2024ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ರೈತರ ಜಮೀನಿನಲ್ಲಿ ಸೌರ ವಿದ್ಯುತ್ ತಯಾರಿಸುವ ರಾಜ್ಯದ ಯೋಜನೆಯದು. ಘಟಕ ಗಡುವಿಗೆ ಸಿದ್ಧವಾಗಲಿಲ್ಲ. ಸರ್ಕಾರಿ ಕಚೇರಿಗಳ ಅನುಮತಿ ತಡವಾದದ್ದೇ ಕಾರಣ, ಅದು ಕರಾರಿನ ಫೋರ್ಸ್ ಮೆಜೂರ್ ಷರತ್ತಿನೊಳಗೆ ಬರುತ್ತದೆ ಎಂಬ ವಾದವನ್ನು ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿ ಒಪ್ಪಿತ್ತು, ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು.

ರಾಯಲ್ಟಿಗೆ ಬರೋಣ. ಅದು ಎರಡು ಬಗೆ. ಮಾರಾಟದ ಮೇಲೆ ಶೇಕಡಾ ಇಷ್ಟು ಎಂದಿದ್ದರೆ ಮಾರಾಟ ಸೊನ್ನೆ, ರಾಯಲ್ಟಿಯೂ ಸೊನ್ನೆ, ಜಗಳವೇ ಇಲ್ಲ. ತಿಂಗಳಿಗೆ ಇಷ್ಟು ಎಂಬ ನಿಗದಿ ಮೊತ್ತವಾದರೆ, ಅಥವಾ ತಿಂಗಳಿಗೆ ಇಷ್ಟು ಕಿಲೋ ಚಹಾಪುಡಿ ಕೊಂಡೇ ತೀರಬೇಕು ಎಂದಿದ್ದರೆ, ಮರ ಬಿದ್ದರೂ ಅದು ಓಡುತ್ತಲೇ ಇರುತ್ತದೆ. ಸಹಿ ಹಾಕುವ ಮುನ್ನ ಒಂದೇ ಒಂದು ಬದಲಾವಣೆ ಕೇಳಲು ಧೈರ್ಯವಿದ್ದರೆ ಇದನ್ನೇ ಕೇಳಬೇಕು: ಗಾಡಿ ರಿಪೇರಿಯಲ್ಲಿರುವ ದಿನಗಳಿಗೆ ನಿಗದಿ ಮೊತ್ತ ಬೇಡ.

ಈಗ ಬಡವನಿಗೆ ಹೊಳೆಯುವ ಉಪಾಯ. ವ್ಯಾನು ಗ್ಯಾರೇಜಿನಲ್ಲಿದೆ, ಮನೆ ನಡೆಯಬೇಕು. ಅದೇ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ತಳ್ಳುಗಾಡಿ ನಿಲ್ಲಿಸಿ, ಸ್ವಂತ ಪುಡಿಯಲ್ಲಿ ಸ್ವಂತ ಚಹಾ ಮಾರಿದರೆ? ಇಲ್ಲಿಯೇ ಬಹಳ ಜನ ಎಡವುತ್ತಾರೆ. ಕರಾರಿನಲ್ಲಿ ‘ಇದೇ ಬಗೆಯ ಬೇರೆ ವ್ಯಾಪಾರ ಮಾಡತಕ್ಕದ್ದಲ್ಲ’ ಎಂದಿದ್ದರೆ ಕರಾರು ಜೀವಂತವಿರುವಷ್ಟು ದಿನ ಅದು ಕಟ್ಟಿಹಾಕುತ್ತದೆ. 1995ರ ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ಮೊಕದ್ದಮೆ ಇದಕ್ಕೆ ದಾರಿದೀಪ. ಥಮ್ಸ್ ಅಪ್, ಗೋಲ್ಡ್ ಸ್ಪಾಟ್, ಲಿಮ್ಕಾ ತುಂಬುತ್ತಿದ್ದ ಬಾಟ್ಲಿಂಗ್ ಕಂಪನಿಯ ಷೇರುಗಳು ಪೆಪ್ಸಿಯ ಕಡೆಗೆ ಹೋದವು. ಕೋಕಾ ಕೋಲಾ ನ್ಯಾಯಾಲಯಕ್ಕೆ ಹೋಯಿತು. ವ್ಯಾಪಾರಕ್ಕೆ ತಡೆಯೊಡ್ಡುವ ಕರಾರು ಶೂನ್ಯವೆಂದು 27ನೇ ಕಲಂ ಹೇಳುತ್ತದಲ್ಲ ಎಂಬ ವಾದಕ್ಕೆ ಸುಪ್ರೀಂ ಕೋರ್ಟು, ಕರಾರು ನಡೆಯುತ್ತಿರುವ ಅವಧಿಯಲ್ಲಿ ಇನ್ನೊಬ್ಬರ ಸರಕು ಮುಟ್ಟಬೇಡ ಎನ್ನುವುದು ಅಂಥ ತಡೆಯಲ್ಲ ಎಂದಿತು. ಕರಾರು ಮುಗಿದ ಮೇಲಾದರೆ ತಳ್ಳುಗಾಡಿಯನ್ನು ತಡೆಯಲು ಕಂಪನಿಗೆ 27ನೇ ಕಲಮೇ ಅಡ್ಡ ನಿಲ್ಲುತ್ತದೆ. ಹೀಗಾಗಿ ತಳ್ಳುಗಾಡಿ ಇಳಿಸುವ ಮೊದಲು ಕಂಪನಿಯಿಂದ ಒಂದು ಒಪ್ಪಿಗೆ ಪತ್ರ ಬೇಕು. ಚಹಾ ಬೇಡ, ಮಂಡಕ್ಕಿ-ಮೆಣಸಿನಕಾಯಿ ಮಾರುತ್ತೇನೆ ಅಂದರೆ ಬಹುಶಃ ಯಾರೂ ತಕರಾರು ತೆಗೆಯಲಾರರು.

ವಿಕೋಪ ಎಂದ ಕೂಡಲೇ ನಮ್ಮ ಜಿಲ್ಲೆಯೊಳಗೇ ಎರಡು ಚಿತ್ರ ಬರುತ್ತವೆ. ಹೊನ್ನಾಳಿಯಲ್ಲಿ ಕೂತವನಿಗೆ ತುಂಗಭದ್ರೆ ಉಕ್ಕುವುದು. ಜಗಳೂರಿನವನಿಗೆ ಮಳೆಯೇ ಬಾರದಿರುವುದು. ಐವತ್ತೇಳು ಕೆರೆ ತುಂಬಿಸಲು ತುಂಗಭದ್ರೆಯ ನೀರನ್ನೇ ಪೈಪಿನಲ್ಲಿ ತರಬೇಕಾಗಿ ಬಂದ ತಾಲ್ಲೂಕು ಇದು. ಕರಾರಿನ ಕಣ್ಣಿಗೆ ಈ ಎರಡು ವಿಕೋಪ ಒಂದೇ ಅಲ್ಲ. ನೆರೆ ವ್ಯಾನನ್ನು ಮುಳುಗಿಸುತ್ತದೆ. ತೋರಿಸಲು ಕೆಸರು ಇರುತ್ತದೆ, ಫೋಟೊ ಇರುತ್ತದೆ. ಬರ ವ್ಯಾನಿಗೆ ಗೀರೂ ಹಾಕುವುದಿಲ್ಲ. ಮೆಕ್ಕೆಜೋಳ ಒಣಗಿ, ಕೈಯಲ್ಲಿ ಕಾಸಿಲ್ಲದೆ, ಜಾತ್ರೆಯಲ್ಲಿ ಹತ್ತು ರೂಪಾಯಿ ಚಹಾಕ್ಕೂ ಜನ ಹಿಂದೆಮುಂದೆ ನೋಡುತ್ತಾರೆ, ಅಷ್ಟೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಹಾಗೆಂದು ಯಾವ ವ್ಯಾಪಾರಿಯ ಕರಾರೂ ತಾನಾಗಿ ಸಡಿಲವಾಗಲಿಲ್ಲ. 1960ರಲ್ಲೇ ಅಲೋಪಿ ಪರ್ಶಾದ್ ಮೊಕದ್ದಮೆಯಲ್ಲಿ ಇದು ಇತ್ಯರ್ಥವಾಗಿತ್ತು. ಸೈನ್ಯಕ್ಕೆ ತುಪ್ಪ ಕೊಂಡುಕೊಡುವ ಏಜೆಂಟರು, ಯುದ್ಧದಿಂದ ಖರ್ಚೆಲ್ಲ ಏರಿತು, ಹಳೆಯ ದರ ಕಟ್ಟುವುದಿಲ್ಲ ಎಂದು ಹೆಚ್ಚು ಹಣ ಕೇಳಿದ್ದರು. ಕೆಲಸ ದುಬಾರಿಯಾಯಿತು, ಲಾಭ ಹೋಯಿತು ಎಂಬ ಕಾರಣಕ್ಕೆ ಕರಾರು ಕರಗುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಬರಗಾಲಕ್ಕೆ ರಿಯಾಯಿತಿ ಬೇಕಿದ್ದರೆ ಕರಾರಿನಲ್ಲೇ ಬರೆಸಿಕೊಳ್ಳಬೇಕು. ‘ತಾಲ್ಲೂಕು ಬರಪೀಡಿತವೆಂದು ಸರ್ಕಾರ ಘೋಷಿಸಿದ ಅವಧಿಗೆ ಕನಿಷ್ಠ ಖರೀದಿ ಅರ್ಧ’ ಎಂಬಂಥ ಒಂದು ಸಾಲು. ದೊಡ್ಡ ಊರಿನ ಕಂಪನಿಗೆ ಈ ಸಾಲು ವಿಚಿತ್ರವಾಗಿ ಕಾಣಬಹುದು. ಜಗಳೂರಿನಲ್ಲಿ ಇದು ವಿಚಿತ್ರವಲ್ಲ.

ವಿಮೆಯ ಮಾತು. ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಆದರೆ ಅದು ನಿಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ. ನಿಮ್ಮ ಗಾಡಿಗೆ ಮರ ಬಿದ್ದರೆ ನಯಾಪೈಸೆ ಬಾರದು. ಅದಕ್ಕೆ ಫುಲ್ ಇನ್ಶೂರೆನ್ಸ್ ಅನ್ನುತ್ತೇವಲ್ಲ, ಅದು ಬೇಕು. ಅದಿದ್ದರೂ ಒಳಗೆ ಕೂಡಿಸಿದ ಒಲೆ, ಕೌಂಟರು, ಫ್ರಿಜ್ಜು ಪಾಲಿಸಿಯಲ್ಲಿ ನಮೂದಾಗಿರಬೇಕು. ಗಾಡಿಯ ರೂಪ ಬದಲಿಸಿದ್ದಕ್ಕೆ ಆರ್.ಟಿ.ಒ. ಒಪ್ಪಿಗೆ ಪಡೆದು ಆರ್.ಸಿ.ಯಲ್ಲಿ ಬರೆಸಿರಬೇಕು. ಮೋಟಾರು ವಾಹನ ಕಾಯಿದೆಯ 52ನೇ ಕಲಂ ಅದು, ಗೂಡ್ಸ್ ಗಾಡಿಯನ್ನು ಚಹಾ ಗಾಡಿ ಮಾಡುವವರಲ್ಲಿ ಹೆಚ್ಚಿನವರು ಮರೆಯುವುದೂ ಅದನ್ನೇ. ಮನೆಯ 14.2 ಕಿಲೋ ಸಿಲಿಂಡರ್ ಒಳಗಿಟ್ಟುಕೊಂಡಿದ್ದರೆ ಬೆಂಕಿ ಬಿದ್ದ ದಿನ ವಿಮೆಯವರಿಗೆ ಮಾತಾಡಲು ನೀವೇ ಬಾಯಿ ಕೊಟ್ಟಂತೆ. ವ್ಯಾಪಾರಕ್ಕೆ ವಾಣಿಜ್ಯ ಸಿಲಿಂಡರೇ ಬೇಕು. ನೆರೆನೀರು ಹೊಕ್ಕ ಗಾಡಿಯನ್ನು ‘ಒಂದ್ಸಲ ನೋಡೋಣ’ ಎಂದು ಸ್ಟಾರ್ಟ್ ಮಾಡುವ ಚಟ ನಮ್ಮಲ್ಲಿದೆ. ಎಂಜಿನ್ನಿನೊಳಗೆ ನೀರು ಸಿಕ್ಕಿಕೊಂಡು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಗ ವಿಮೆಯವರು ಇದು ನೆರೆಯ ಹಾನಿಯಲ್ಲ, ನೀವು ಕೀಲಿ ತಿರುಗಿಸಿದ್ದರ ಹಾನಿ ಅನ್ನುತ್ತಾರೆ. ಎಳೆಸಿಕೊಂಡೇ ಹೋಗಿ.

ವಿಮೆಯ ಹಣ ಬಂದರೂ ಅದು ಮೊದಲು ಎಲ್ಲಿಗೆ ಹೋಗುತ್ತದೆ ನೋಡಿಕೊಳ್ಳಬೇಕು. ಆರ್.ಸಿ.ಯಲ್ಲಿ ಬ್ಯಾಂಕಿನ ಹೈಪೋಥಿಕೇಷನ್, ಅಂದರೆ ಗಾಡಿ ಸಾಲಕ್ಕೆ ಆಧಾರ ಎಂಬ ನಮೂದು, ಇದೆ. ಟೋಟಲ್ ಲಾಸ್ ಆದರೆ ಚೆಕ್ಕು ಬ್ಯಾಂಕಿನ ಸಾಲಕ್ಕೆ ಜಮಾ. ಸಾಲ ತೀರಿತು, ಸಂತೋಷ. ಹೊಸ ವ್ಯಾನಿಗೆ ದುಡ್ಡಿಲ್ಲ, ಕಂಪನಿಯ ಕರಾರು ಮಾತ್ರ ಇನ್ನೂ ಮೂರು ವರ್ಷ ಬಾಕಿ. ಬ್ಯಾಂಕಿನ ಕಂತಿಗೂ ಫ್ರಾಂಚೈಸಿಗೂ ಸಂಬಂಧವಿಲ್ಲ, ಎರಡೂ ಬೇರೆ ಬೇರೆ ಕರಾರು. ಇಡೀ ತಾಲ್ಲೂಕಿಗೆ ವಿಕೋಪ ಘೋಷಣೆಯಾದಾಗ ಸಾಲ ಮರುಹೊಂದಿಸಲು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಒಂದೇ ಒಂದು ಹುಣಸೆಮರಕ್ಕೆ ಯಾವ ಘೋಷಣೆಯೂ ಆಗುವುದಿಲ್ಲ. ಮ್ಯಾನೇಜರನ್ನು ಕಂಡು ಮನವಿ ಕೊಡುವುದೇ ದಾರಿ.

ಹಾಗಾದರೆ ಮರ ಬಿದ್ದ ರಾತ್ರಿ ಏನು ಮಾಡಬೇಕು? ಮರ ಕಡಿಸುವ ಮೊದಲು ಫೋಟೊ, ವಿಡಿಯೊ. ಪೊಲೀಸ್ ಠಾಣೆಗೆ ಮಾಹಿತಿ ಕೊಟ್ಟು ರಸೀದಿ, ಕಂದಾಯದವರಿಂದ ಮಹಜರು. ವಿಮೆ ಕಂಪನಿಗೆ ಅಂದೇ ಫೋನು. ಸರ್ವೆಯರ್ ಬರುವ ತನಕ ರಿಪೇರಿ ಬೇಡ. ಚಹಾ ಕಂಪನಿಗೆ ಲಿಖಿತ ನೋಟಿಸು: ಇಂಥ ದಿನ ಇಂಥ ಕಾರಣಕ್ಕೆ ವ್ಯಾನು ನಿಂತಿದೆ, ಇಷ್ಟು ವಾರ ಹಿಡಿಯಬಹುದು, ಅಲ್ಲಿಯವರೆಗೆ ರಾಯಲ್ಟಿ ಮತ್ತು ಖರೀದಿ ತಡೆಹಿಡಿಯಿರಿ. ಕಂಪನಿಯ ಏರಿಯಾ ಮ್ಯಾನೇಜರ್ ಫೋನಿನಲ್ಲಿ ‘ಪರವಾಗಿಲ್ಲ ಬಿಡಿ ಸರ್, ಎರಡು ತಿಂಗಳು ಕೇಳೋದಿಲ್ಲ’ ಅನ್ನಬಹುದು. ಒಳ್ಳೆಯವರೇ ಇರಬಹುದು, ಆದರೆ ಮುಂದಿನ ತಿಂಗಳು ಅವರಿಗೇ ವರ್ಗವಾಗಬಹುದು. ಅದನ್ನೇ ಒಂದು ಮೇಲ್‌ನಲ್ಲೋ ವಾಟ್ಸಾಪಿನಲ್ಲೋ ಬರೆಸಿಕೊಳ್ಳಿ. ಕರಾರು ಕಾಯಿದೆಯ 63ನೇ ಕಲಮಿನ ಪ್ರಕಾರ, ಬರಬೇಕಾದವನು ತನ್ನ ಹಕ್ಕನ್ನು ಬಿಟ್ಟುಕೊಡಬಹುದು, ಗಡುವು ಮುಂದೆ ಹಾಕಬಹುದು. ಅದಕ್ಕೆ ಪ್ರತಿಯಾಗಿ ನೀವೇನೂ ಕೊಡಬೇಕಿಲ್ಲ. ತಮಾಷೆಯೆಂದರೆ, ಆ ವಾಟ್ಸಾಪ್ ಸಂದೇಶವನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಹಾಜರುಮಾಡುವ ಕ್ರಮ ಇರುವುದೂ ಇನ್ನೊಂದು 63ನೇ ಕಲಮಿನಲ್ಲಿ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ.

ಮಾತುಕತೆ ಮುರಿದು ಕಂಪನಿ ಕರಾರು ರದ್ದುಮಾಡಿ ಡಿಪಾಸಿಟ್ಟು ನುಂಗಿದರೆ? ಕಾಗದದಲ್ಲಿ ‘ಪೂರ್ತಿ ಮುಟ್ಟುಗೋಲು’ ಎಂದು ಬರೆದಿದ್ದರೂ ಅದೇ ಕೊನೆಯಲ್ಲ. 74ನೇ ಕಲಂ ಕೊಡಿಸುವುದು ತಕ್ಕಮಟ್ಟಿನ ಪರಿಹಾರ ಮಾತ್ರ. 2015ರ ಕೈಲಾಶ್ ನಾಥ್ ಮೊಕದ್ದಮೆಯಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಒಂದು ನಿವೇಶನದ 78 ಲಕ್ಷ ರೂಪಾಯಿ ಮುಂಗಡ ಮುಟ್ಟುಗೋಲು ಹಾಕಿಕೊಂಡಿತ್ತು. ಅದೇ ನಿವೇಶನವನ್ನು ಆಮೇಲೆ ಬಹಳ ಹೆಚ್ಚಿನ ಬೆಲೆಗೆ ಮಾರಿತ್ತು. ನಷ್ಟವೇ ಆಗದಿರುವಾಗ ಮುಟ್ಟುಗೋಲು ಎಲ್ಲಿಯದು ಎಂದು ಸುಪ್ರೀಂ ಕೋರ್ಟು ಹಣ ವಾಪಸು ಕೊಡಿಸಿತು. ಜಗಳೂರಿನ ಜಾಗಕ್ಕೆ ಕಂಪನಿ ಮರುತಿಂಗಳೇ ಬೇರೆಯವರನ್ನು ಹಾಕಿಕೊಂಡು ಹೊಸ ಡಿಪಾಸಿಟ್ಟು ಪಡೆದಿದ್ದರೆ ಈ ತೀರ್ಪು ಕೈಯಲ್ಲಿರಲಿ.

ವಿಮೆಯವರೊಂದಿಗಿನ ಜಗಳಕ್ಕೆ ದಾರಿ ಹತ್ತಿರದ್ದು. ವ್ಯಾಪಾರಿ ಗ್ರಾಹಕನಲ್ಲ ಎಂದು ಹಿಂದೆ ವಿಮೆ ಕಂಪನಿಗಳು ವಾದಿಸುತ್ತಿದ್ದವು. 2002ರ ಗುಜರಾತ್ ಗಲಭೆಯಲ್ಲಿ ಬೆಂಕಿಗೆ ತುತ್ತಾದ ಹರ್ಸೋಲಿಯಾ ಮೋಟರ್ಸ್‌ನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2023ರಲ್ಲಿ ಆ ವಾದಕ್ಕೆ ಮಣಿಯಲಿಲ್ಲ; ನಷ್ಟ ತುಂಬಿಕೊಳ್ಳಲು ವಿಮೆ ಮಾಡಿಸಿದ ವ್ಯಾಪಾರಿಯೂ ಗ್ರಾಹಕನೇ. ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕಳಿಸಬಹುದು. ಚಹಾ ಕಂಪನಿಯೊಂದಿಗಿನ ಜಗಳ ಅಷ್ಟು ಸುಲಭವಲ್ಲ. ಕರಾರಿನ ಕೊನೆಯ ಪುಟದಲ್ಲಿ ‘ಎಲ್ಲ ವ್ಯಾಜ್ಯಗಳೂ ಇಂಥ ನಗರದಲ್ಲಿ, ಮಧ್ಯಸ್ಥಿಕೆಯ ಮೂಲಕ’ ಎಂದಿರುತ್ತದೆ. ಆ ನಗರ ಜಗಳೂರಿನಿಂದ ಎರಡು ರಾತ್ರಿ ರೈಲಿನ ದೂರದಲ್ಲಿರಬಹುದು. ಎರಡು ಲಕ್ಷದ ಡಿಪಾಸಿಟ್ಟಿಗಾಗಿ ಅಲ್ಲಿಗೆ ಯಾರೂ ಹೋಗುವುದಿಲ್ಲ ಎಂಬುದು ಷರತ್ತು ಬರೆದವರಿಗೂ ಗೊತ್ತು.

ವಕೀಲರಿಗೆ ದುಡ್ಡೆಲ್ಲಿ ಎನ್ನುವವರು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೇ ಕಲಂ ನೋಡಬೇಕು. ಉಚಿತ ಕಾನೂನು ನೆರವಿಗೆ ಅರ್ಹರ ಪಟ್ಟಿಯಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಇದ್ದಾರೆ. ಅವರ ಜೊತೆಗೆ ಸಾಮೂಹಿಕ ವಿಕೋಪ, ನೆರೆ, ಭೂಕಂಪಗಳ ಸಂತ್ರಸ್ತರೂ ಇದ್ದಾರೆ, ಬರದ ಸಂತ್ರಸ್ತರೂ ಇದ್ದಾರೆ. ರಾಯಲ್ಟಿಯಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡಿಸಲಾರದ ಜಗಳೂರಿನ ಬರ, ಆ ರಾಯಲ್ಟಿಯ ಜಗಳಕ್ಕೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಿಸಬಲ್ಲದು. ಅರ್ಜಿ ಕೊಡಬೇಕಾದದ್ದು ತಾಲ್ಲೂಕು ಕಾನೂನು ಸೇವಾ ಸಮಿತಿಗೆ, ಅದು ಕೂರುವುದು ಊರಿನ ಕೋರ್ಟಿನ ಆವರಣದಲ್ಲೇ.